ಮೂರು ಸಲ ಓದಿದ ಮಾತ್ರಕ್ಕೆ ಡಂಪ್ ಸರಿಯಾಗುವುದಿಲ್ಲ

ಹಳೆಯ ವಿಡಿಯೊ ಗೇಮ್ ಬೋರ್ಡುಗಳ ಚಿಪ್‌ಗಳಲ್ಲಿರುವುದನ್ನು ಓದಿ ಫೈಲಾಗಿ (ಇದಕ್ಕೇ ಡಂಪ್ ಎನ್ನುವುದು) ಉಳಿಸಿಕೊಳ್ಳುವ ಹವ್ಯಾಸಿಗಳು ಹಾಸನದ ನನ್ನ ವಿಳಾಸಕ್ಕೆ ಬರೆಯುವ ಪತ್ರಗಳಲ್ಲಿ ಒಂದೇ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಈ ಸಲ ಜಾಗದ ಬಹುಪಾಲನ್ನು ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ: ಜಾತ್ರೆಗಳಲ್ಲಿ ಆಟದ ಅಂಗಡಿ ಹಾಕುತ್ತಿದ್ದ ಚಿಕ್ಕಪ್ಪನ ಬೋರ್ಡಿನಿಂದ 27256 ಇಪ್ರಾಮ್ (ಮೇಲಿನ ಗಾಜಿನ ಕಿಂಡಿಯ ಮೂಲಕ ನೇರಳಾತೀತ ಬೆಳಕು ಬಿದ್ದರೆ ಅಳಿಸಿಹೋಗುವ ಮೆಮೊರಿ ಚಿಪ್) ತೆಗೆದು ಮೂರು ಸಲ ಓದಿದೆ. ಸಿಆರ್‌ಸಿ (ಫೈಲಿನ ಬೈಟುಗಳಿಂದ ಲೆಕ್ಕಹಾಕಿದ ಗುರುತಿನ ಅಂಕಿ) ಮೂರು ಸಲವೂ ಒಂದೇ ಬಂತು, ಎಮ್ಯುಲೇಟರ್‌ನಲ್ಲಿ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶ) ಆಟವೂ ಓಡುತ್ತಿದೆ. ಡಂಪ್ ಸರಿಯಿದೆ ಎನ್ನಬಹುದಲ್ಲವೇ? (ಸಕಲೇಶಪುರದ ಓದುಗರು)

ಉತ್ತರ: ಎನ್ನಲಾಗದು. ಎರಡು ಫೈಲುಗಳು ಒಂದೇ ಆಗಿವೆ ಎಂಬುದಷ್ಟನ್ನೇ ಸಿಆರ್‌ಸಿ ಹೇಳುತ್ತದೆ. ಅವೆರಡೂ ತಪ್ಪಾಗಿದ್ದರೆ ಅದಕ್ಕೆ ಗೊತ್ತಾಗುವುದಿಲ್ಲ. ಚಿಪ್ಪನ್ನು ಸಾಕೆಟ್ಟಿನಿಂದ ಅಲುಗಾಡಿಸದೆ ಮೂರು ಸಲ ಗುಂಡಿ ಒತ್ತಿದರೆ ಒಂದೇ ತಪ್ಪನ್ನು ಮೂರು ಸಲ ನಕಲು ಮಾಡಿದಂತಾಗುತ್ತದೆ. ನಿಮ್ಮೂರಿನ ಮಳೆಗಾಲ ಕಂಡ ಬೋರ್ಡುಗಳಲ್ಲಿ ಚಿಪ್ಪಿನ ಕಾಲುಗಳು ಕಪ್ಪಗಾಗಿರುವುದು ಸಾಮಾನ್ಯ. ನಾನೇ ಒಮ್ಮೆ ಒಂದಿಡೀ ಸಂಜೆ ಒಂದೇ ಸಿಆರ್‌ಸಿ ನೋಡಿ ಸಮಾಧಾನಪಟ್ಟುಕೊಂಡು, ಮರುದಿನ ಚಿಪ್ಪನ್ನು ಎತ್ತಿದಾಗ ಒಂದು ಕಾಲು ಸಾಕೆಟ್ಟಿಗೆ ಇಳಿಯದೆ ಹೊಟ್ಟೆಯಡಿಗೆ ಮಡಚಿಕೊಂಡಿದ್ದುದನ್ನು ಕಂಡೆ.

ಆದ್ದರಿಂದ ಪ್ರತಿ ಸಲವೂ ಚಿಪ್ಪನ್ನು ಹೊರತೆಗೆದು, ಕಾಲು ಒರೆಸಿ, ಮತ್ತೆ ಕೂರಿಸಿ ಓದಿ. ಸಾಧ್ಯವಾದರೆ ಬೇರೆ ರೀಡರ್‌ನಲ್ಲೂ (ಚಿಪ್ ಓದುವ ಸಾಧನ) ಓದಿ. ಬಳಿಕ ಫೈಲನ್ನು ಕಣ್ಣಾರೆ ನೋಡಿ. ಎಲ್ಲ ಬೈಟುಗಳಲ್ಲೂ ಒಂದೇ ಸ್ಥಾನದ ಬಿಟ್ (0 ಅಥವಾ 1) ಬದಲಾಗದೆ ನಿಂತಿದ್ದರೆ, ಬಿಟ್‌ಗಳನ್ನು ಹೊರಕೊಡುವ ಡೇಟಾ ಕಾಲೊಂದು ತಾಗುತ್ತಿಲ್ಲವೆಂದು ಶಂಕಿಸಿ. ಫೈಲಿನ ಮೊದಲರ್ಧವೂ ಎರಡನೆಯರ್ಧವೂ ಒಂದೇ ಆಗಿದ್ದರೆ ಯಾವ ಬೈಟು ಬೇಕೆಂದು ಚಿಪ್ಪಿಗೆ ಹೇಳುವ ವಿಳಾಸದ ಕಾಲನ್ನು ಶಂಕಿಸಿ, ಇಲ್ಲವೇ 32 ಕಿಲೋಬೈಟಿನ 27256ನ್ನು ರೀಡರ್‌ನಲ್ಲಿ 27512 ಎಂದು ಆರಿಸಿದ್ದೀರೋ ನೋಡಿ, ಏಕೆಂದರೆ ಆಗ 64 ಕಿಲೋಬೈಟಿನ ಫೈಲು ಬಂದರೂ ಅದರಲ್ಲಿ ಒಂದೇ ವಿಷಯ ಎರಡು ಸಲ ಇರುತ್ತದೆ.

ಕಾಲುಗಳು ಸರಿಯಿದ್ದೂ ಎರಡು ಓದುಗಳ ನಡುವೆ ಕೆಲವೇ ಬಿಟ್‌ಗಳು ವ್ಯತ್ಯಾಸವಾಗುತ್ತಿದ್ದರೆ ಚಿಪ್ಪೇ ಸೋರುತ್ತಿದೆ ಎಂದರ್ಥ. ಅಳಿಸಿದ ಇಪ್ರಾಮ್‌ನಲ್ಲಿ ಎಲ್ಲ ಬಿಟ್‌ಗಳೂ 1 ಆಗಿರುತ್ತವೆ. ಒಳಗೆ ವಿದ್ಯುದಾವೇಶ ಕೂಡಿಟ್ಟ ಕಡೆ ಮಾತ್ರ 0 ಕಾಣುತ್ತದೆ. ದಶಕಗಳಲ್ಲಿ ಆ ಆವೇಶ ಇಂಗಿದಾಗ 0 ಇದ್ದದ್ದು 1 ಆಗುತ್ತದೆಯೇ ಹೊರತು 1 ಇದ್ದದ್ದು 0 ಆಗುವುದಿಲ್ಲವಾದ್ದರಿಂದ, ಒಂದೇ ಬಿಟ್ ಒಮ್ಮೆ 0 ಒಮ್ಮೆ 1 ಬಂದರೆ 0ಯನ್ನೇ ಹೆಚ್ಚು ನಂಬಬೇಕು. ರೀಡರ್‌ನಲ್ಲಿ ಅನುಕೂಲವಿದ್ದರೆ 5 ವೋಲ್ಟಿನಿಂದ ಸ್ವಲ್ಪ ಇಳಿಸಿ ಓದಿ. ಬಲ ಕುಂದಿದ ಬಿಟ್‌ಗಳು ಎಷ್ಟೋ ಸಲ ಮೂಲದ 0ಗೆ ಮರಳುತ್ತವೆ.

ಆಟ ಓಡುತ್ತಿದೆ ಎಂಬ ಮಾತನ್ನು ದಯವಿಟ್ಟು ಬಿಡಿ. ಚಿತ್ರಗಳಿರುವ ಚಿಪ್ಪಿನಲ್ಲಿ ಒಂದು ಬಿಟ್ ಕೆಟ್ಟರೆ ಹತ್ತನೆಯ ಹಂತದಲ್ಲಿ ಒಂದು ಚುಕ್ಕೆಯ ಬಣ್ಣ ಬದಲಾಗಬಹುದು, ಅಷ್ಟೆ; ಅದನ್ನು ಗಮನಿಸುವವರು ಯಾರು? ಕೊನೆಯ ಭರವಸೆ ಸಿಗುವುದು ಅದೇ ಆವೃತ್ತಿಯ ಇನ್ನೊಂದು ಬೋರ್ಡಿನ ಚಿಪ್ಪನ್ನು ಬೇರೊಬ್ಬರು ಓದಿ, ಎರಡೂ ತಾಳೆಯಾದಾಗಲೇ.

ಪ್ರಶ್ನೆ: ನನ್ನ ಫೈಲು ಮೇಮ್ (ಆರ್ಕೇಡ್ ಆಟಗಳ ಎಮ್ಯುಲೇಟರ್) ಪಟ್ಟಿಯ ಸಿಆರ್‌ಸಿಗೂ, ಅಂಥದೇ ಇನ್ನೊಂದು ಗುರುತಾದ ಎಸ್‌ಎಚ್‌ಎ-1ಕ್ಕೂ ತಾಳೆಯಾಗುತ್ತಿಲ್ಲ. ತಾಳೆಯಾಗುವಂತೆ ತಿದ್ದಿಕೊಡುತ್ತೇನೆಂದು ಒಬ್ಬರು ಹಣ ಕೇಳುತ್ತಿದ್ದಾರೆ. (ಮೂಡಿಗೆರೆ)

ಉತ್ತರ: ಕೊಡಬೇಡಿ. ಆತ ಎಲ್ಲೋ ಸಿಕ್ಕ ಫೈಲನ್ನೇ ನಿಮಗೆ ಮಾರುತ್ತಾನೆ. ನಿಮ್ಮ ಬೋರ್ಡು ಯಾರೂ ಇದುವರೆಗೆ ಓದಿರದ ಬೇರೆ ಆವೃತ್ತಿಯದೋ ನಕಲಿ ತಯಾರಿಕೆಯದೋ ಆಗಿದ್ದರೆ, ಉಳಿಸಬೇಕಾದ ವಸ್ತುವನ್ನು ನೀವೇ ಅಳಿಸಿದಂತಾಗುತ್ತದೆ.

ಪ್ರಶ್ನೆ: ರೀಡರ್ ತೋರಿಸುವ ಚೆಕ್‌ಸಮ್ ಸಾಕೇ? (ಅರಸೀಕೆರೆ)

ಉತ್ತರ: ಸಾಲದು; ಅದು ಬರೀ ಬೈಟುಗಳ ಕೂಡುಮೊತ್ತವಾಗಿದ್ದರೆ ಎರಡು ಬೈಟು ಅದಲುಬದಲಾದರೂ ಅದೇ ಅಂಕಿ ಬರುತ್ತದೆ.

ಪ್ರಶ್ನೆ: ನಂಬರ್ ಓದಲು ಚಿಪ್ಪಿನ ಗಾಜಿನ ಮೇಲಿನ ಚೀಟಿ ಕೀಳಬಹುದೇ? (ಬೇಲೂರು)

ಉತ್ತರ: ಚೀಟಿಯ ಫೋಟೊ ತೆಗೆದುಕೊಂಡು ಕಿತ್ತು, ನಂಬರ್ ನೋಡಿದ ಕೂಡಲೇ ಗಾಜನ್ನು ಮತ್ತೆ ಮುಚ್ಚಿ. ನೇರ ಬಿಸಿಲಿಗೆ ಸುಮಾರು ಒಂದು ವಾರದಲ್ಲಿ ಚಿಪ್ ಅಳಿಸಿಹೋಗುತ್ತದೆ. ನಾನಂತೂ ಹಗಲು ಹೊತ್ತು ಕಿಟಕಿಯ ಬಳಿ ಚೀಟಿ ಕೀಳುವುದಿಲ್ಲ. ಅತಿಯಾಯಿತೆಂದು ನಗುವವರು ನಗಲಿ.