ಹಿಮದಲ್ಲಿ ತೆಗೆದ ಫೋಟೋ ಯಾಕೆ ಬೂದಿ ಬಣ್ಣಕ್ಕೆ ಬರುತ್ತದೆ? ಫೆಬ್ರವರಿಯಲ್ಲಿ ಹಿಮಾಚಲದ ಸ್ಪಿತಿ ಕಣಿವೆಗೆ ಹೋಗುವಾಗ ಕ್ಯಾಮೆರಾ ಹೇಗಿಟ್ಟುಕೊಳ್ಳಬೇಕು?

ತಪ್ಪು ಕ್ಯಾಮೆರಾದೊಳಗೆ ಬೆಳಕು ಅಳೆಯುವ ಮೀಟರಿನದು. ಎದುರಿಗೆ ಏನಿದ್ದರೂ ಅದನ್ನು ಮಧ್ಯಮ ಬೂದು ಎಂದೇ ಅದು ಲೆಕ್ಕ ಹಾಕುತ್ತದೆ. ಬಿಳಿ ಹಿಮ ಕಂಡರೆ ಬೆಳಕು ಹೆಚ್ಚಾಯಿತೆಂದು ತಗ್ಗಿಸಿಬಿಡುತ್ತದೆ. ಚೌಕಟ್ಟು ತುಂಬ ಹಿಮವಿದ್ದರೆ ಎಕ್ಸ್‌ಪೋಶರ್ ಕಾಂಪೆನ್ಸೇಶನ್ (ಮೀಟರಿನ ಲೆಕ್ಕಕ್ಕಿಂತ ಬೆಳಕನ್ನು ಹೆಚ್ಚು-ಕಡಿಮೆ ಮಾಡುವ ಸೆಟ್ಟಿಂಗ್) +1ರಿಂದ +1.7ರವರೆಗೆ ಏರಿಸಿ. ಸ್ಪಿತಿಯ ಕಿಬ್ಬರ್ ಹಳ್ಳಿಯ ಸುತ್ತಿನ ಇಳಿಜಾರುಗಳಲ್ಲಿ ಅರ್ಧ ಬಂಡೆ, ಅರ್ಧ ಹಿಮ, ಅಲ್ಲಿ +0.3ರಿಂದ +0.7 ಸಾಕು. ಹಿಸ್ಟೋಗ್ರಾಮ್ (ಚಿತ್ರದ ಕಪ್ಪನ್ನು ಎಡಕ್ಕೆ, ಬಿಳಿಯನ್ನು ಬಲಕ್ಕೆ ತೋರಿಸುವ ನಕ್ಷೆ) ಬಲಕ್ಕೆ ವಾಲಿರಬೇಕು, ಆದರೆ ಬಲ ಅಂಚಿಗೆ ಗುಡ್ಡೆ ಬೀಳಬಾರದು. ಪರದೆಯನ್ನು ನಂಬಬೇಡಿ, ಹಿಮದ ಪ್ರಖರತೆಗೆ ಅದು ಯಾವಾಗಲೂ ಮಂಕಾಗಿಯೇ ಕಾಣುತ್ತದೆ. ರಾ (RAW) ಫೈಲಿನಲ್ಲಿ, ಅಂದರೆ ಕ್ಯಾಮೆರಾ ಸಂಸ್ಕರಿಸದ ಮೂಲ ಮಾಹಿತಿಯಾಗಿ, ತೆಗೆದರೆ ನೆರಳಿನ ನೀಲಿಛಾಯೆ ಆಮೇಲೆ ಸರಿಪಡಿಸಬಹುದು.

ಓಡುವ ಐಬೆಕ್ಸ್‌ಗೆ (ಬೆಟ್ಟದ ಕಾಡುಮೇಕೆ) ಶಟರ್ 1/1000 ಸೆಕೆಂಡ್ ಅಥವಾ ಇನ್ನೂ ವೇಗ. ಮಲಗಿರುವ ಹಿಮಚಿರತೆಗೆ ಟ್ರೈಪಾಡ್ ಇದ್ದರೆ 1/250 ಕೂಡ ನಡೆಯುತ್ತದೆ. ದೂರದ್ದನ್ನು ಹತ್ತಿರ ತರುವ 600 ಮಿ.ಮೀ. ಲೆನ್ಸಿನಲ್ಲೂ ಚಿತ್ರ ಮಸುಕಾದರೆ ಲೆನ್ಸನ್ನು ಬೈಯುವ ಮೊದಲು ಎಲ್ಲಿಂದ ತೆಗೆದಿರೆಂದು ನೋಡಿ: ಬೆಚ್ಚಗಿನ ಕಾರಿನ ಕಿಟಕಿ ಇಳಿಸಿದಾಗ ಹೊರನುಗ್ಗುವ ಬಿಸಿಗಾಳಿಯೇ ಚಿತ್ರವನ್ನು ಕದಡುತ್ತದೆ. ಮಧ್ಯಾಹ್ನ ಕಾದ ಬಂಡೆಗಳೂ ಅಷ್ಟೇ.

ಚಳಿಗೆ ಬ್ಯಾಟರಿ ಬೇಗ ಸೋಲುತ್ತದೆ. ಎರಡು ಹೆಚ್ಚುವರಿ ಬ್ಯಾಟರಿ ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇರಲಿ; ಸತ್ತಂತೆ ಕಂಡದ್ದೂ ಬೆಚ್ಚಗಾದರೆ ಇನ್ನೊಂದಿಷ್ಟು ಫೋಟೋ ಕೊಡುತ್ತದೆ.

ನಿಜವಾದ ಅಪಾಯ ಸಂಜೆ, ಒಲೆ ಉರಿಯುವ ಕೋಣೆಗೆ ಬಂದಾಗ. ತಣ್ಣಗಿನ ಕ್ಯಾಮೆರಾವನ್ನು ಹಾಗೇ ಒಳಗೆ ತಂದರೆ ಗಾಜಿನ ಮೇಲೆ, ಕೆಲವೊಮ್ಮೆ ಲೆನ್ಸಿನೊಳಗೂ ಹನಿ ಕಟ್ಟುತ್ತದೆ. ಹೊರಗೇ ಮೆಮೊರಿ ಕಾರ್ಡ್ ತೆಗೆದುಕೊಂಡು, ಕ್ಯಾಮೆರಾವನ್ನು ಜಿಪ್ ಚೀಲದಲ್ಲಿ ಗಾಳಿಯಾಡದಂತೆ ಮುಚ್ಚಿ, ಒಳತಂದ ಮೇಲೆ ಎರಡು ಗಂಟೆ ಮುಟ್ಟಬೇಡಿ.