ಟ್ಯಾನಿಂಗ್ ಯಂತ್ರ ಸುರಕ್ಷಿತವೇ?

ಪ್ರಶ್ನೆ: ದೇಹದಾರ್ಢ್ಯ ಸ್ಪರ್ಧೆಗೆ ಮೈಬಣ್ಣ ಗಾಢವಾಗಲೆಂದು ನನ್ನ ಮಗ ಸಲೂನಿನ ಟ್ಯಾನಿಂಗ್ ಯಂತ್ರದಲ್ಲಿ ಮಲಗುತ್ತೇನೆನ್ನುತ್ತಾನೆ. ಬಿಸಿಲಿಗಿಂತ ಇದು ಸುರಕ್ಷಿತವೇ?
– ಓದುಗರೊಬ್ಬರು, ಡೊಂಬಿವಲಿ, ಮುಂಬಯಿ

ಉತ್ತರ: ಖಂಡಿತ ಅಲ್ಲ. ಆ ಯಂತ್ರದ ದೀಪಗಳು ಮುಖ್ಯವಾಗಿ ಸೂಸುವ ಅತಿನೇರಳೆ ‘ಎ’ ಕಿರಣಗಳು ಚರ್ಮದ ಆಳಕ್ಕಿಳಿದು ಜೀವಕೋಶಗಳ ಡಿಎನ್‌ಎಗೆ ಹಾನಿ ಮಾಡುತ್ತವೆ. ಮೈ ಕಪ್ಪಾಗುವುದು ಆ ಹಾನಿಗೆ ಚರ್ಮ ತೋರುವ ಪ್ರತಿಕ್ರಿಯೆಯೇ ಹೊರತು ಆರೋಗ್ಯದ ಲಕ್ಷಣವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2009ರಲ್ಲಿ ಈ ಯಂತ್ರಗಳನ್ನು, ತಂಬಾಕಿನ ಹೊಗೆಯಿರುವ ಮೊದಲನೇ ಗುಂಪಿಗೇ, ಅಂದರೆ ಮನುಷ್ಯರಲ್ಲಿ ಕ್ಯಾನ್ಸರ್ ತರುತ್ತವೆಂದು ಖಚಿತವಾದವುಗಳ ಪಟ್ಟಿಗೇ ಸೇರಿಸಿತು. ನಮ್ಮ ಕಂದು ಮೈಬಣ್ಣ ಒಂದಿಷ್ಟು ರಕ್ಷಣೆ ಕೊಡುವುದು ನಿಜವಾದರೂ ಅದನ್ನೇ ನಂಬಿ ಕೂರುವಂತಿಲ್ಲ, ಕಣ್ಣಿಗೂ ಅಪಾಯವಿದೆ. ವೇದಿಕೆಗೆ ಸ್ಪರ್ಧಿಗಳು ಹಚ್ಚಿಕೊಳ್ಳುವ, ತೊಳೆದರೆ ಹೋಗುವ ಬಣ್ಣವೇ ಸಾಕು. ಅದನ್ನೂ ಮೊದಲು ಮೊಣಕೈಯ ಒಳಭಾಗಕ್ಕೆ ಸ್ವಲ್ಪ ಹಚ್ಚಿ, ತುರಿಕೆಯಾಗುವುದೇ ಎಂದು ಒಂದೆರಡು ದಿನ ನೋಡಲು ಹೇಳಿ.