ಐದು ದಿನದ ಕೋರ್ಸೋ, ಎರಡು ವರ್ಷದ ಬಾಂಡೋ?

(ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಪಡೆದಿದ್ದೇನೆ.)

ಕೆಲಸದ ತರಬೇತಿ ಬಗ್ಗೆ ಸಲಹೆ ಕೇಳಲು ನನ್ನ ಹತ್ತಿರ ಬಂದವರಿಗೆ 28 ವರ್ಷ. ನಾಲ್ಕು ವರ್ಷದಿಂದ ಸಣ್ಣ ಡೆಲಿವರಿ ವ್ಯಾನ್ ಓಡಿಸುತ್ತಿದ್ದರು. ಮದುವೆಯಾಗಿದೆ, ಪುಟ್ಟ ಮಗು ಇದೆ. ಲಾರಿ ಲೈಸೆನ್ಸ್ ಕೈಗೆ ಬಂದರೆ ಸಂಬಳ ಜಾಸ್ತಿಯಾಗುತ್ತದೆ ಅನ್ನೋದು ಅವರ ಲೆಕ್ಕ. ಕೂತವರೇ ಎರಡು ಅರ್ಜಿ ಮೇಜಿನ ಮೇಲಿಟ್ಟರು. ಒಂದು, ಐದು ದಿನದಲ್ಲಿ ಟೆಸ್ಟಿಗೆ ತಯಾರು ಮಾಡುತ್ತೇವೆ ಅನ್ನುವ ಡ್ರೈವಿಂಗ್ ಸ್ಕೂಲಿನದು. ಹಣ ಪೂರ್ತಿ ಮುಂಗಡ. ಇನ್ನೊಂದು, ಸರಕು ಸಾಗಿಸುವ ಕಂಪನಿಯದು. ಆರು ವಾರ ಅವರೇ ಖರ್ಚು ಹಾಕಿ ಕಲಿಸುತ್ತಾರೆ. ಲೈಸೆನ್ಸ್ ಬಂದ ಮೇಲೆ ಎರಡು ವರ್ಷ ಅಲ್ಲೇ ದುಡಿಯಬೇಕು, ನಡುವೆ ಬಿಟ್ಟರೆ ಹಣ ಕಟ್ಟಬೇಕು ಅನ್ನುವ ಬಾಂಡ್, ಅಂದರೆ ಕರಾರು.

"ಯಾವುದಕ್ಕೆ ಸಹಿ ಹಾಕ್ಲಿ ಮೇಡಂ? ಇವತ್ತೇ ಹೇಳಿಬಿಡಿ."

ಐದು ದಿನದ ಅರ್ಜಿ ಪೂರ್ತಿ ತುಂಬಿತ್ತು. ಕಂಪನಿಯ ಅರ್ಜಿಯಲ್ಲಿ 'ಈ ಹಿಂದೆ ಟೆಸ್ಟ್ ಕೊಟ್ಟಿದ್ದೀರಾ?' ಅನ್ನುವ ಕಡೆ ಮಾತ್ರ ಬರೆದು, ಹೊಡೆದು, ಮತ್ತೆ ಬರೆದ ಗುರುತು. ಅದರ ಬಗ್ಗೆ ಕೇಳಿದೆ. ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಎರಡು ವರ್ಷದ ಹಿಂದೆ ಲಾರಿ ಟೆಸ್ಟಿಗೆ ಹೋಗಿ, ರಿವರ್ಸ್ ತೆಗೆಯುವಾಗ ಗುರುತಿಗೆ ಇಟ್ಟಿದ್ದ ಕೋನ್ ಬೀಳಿಸಿ ಫೇಲಾಗಿದ್ದರು. ಮನೆಯಲ್ಲಿ ಹೇಳಿರಲಿಲ್ಲ.

"ಐದು ದಿನದ್ದಾದ್ರೆ ರಜೆ ಹಾಕಿ ಹೋಗಿ ಬರಬಹುದು. ಮತ್ತೆ ಫೇಲಾದ್ರೂ ಯಾರಿಗೂ ಗೊತ್ತಾಗಲ್ಲ, ಅಲ್ವಾ?"

ಕೋರ್ಸಿನ ನೆಪದಲ್ಲಿ ಅವರು ಸೋಲನ್ನು ಬಚ್ಚಿಡಲು ಜಾಗ ಹುಡುಕುತ್ತಿದ್ದರು. ಅದಕ್ಕೇ ಎರಡೂ ಅರ್ಜಿ ಪಕ್ಕಕ್ಕೆ ಸರಿಸಿ, ಕೋನ್ ಹೇಗೆ ಬಿತ್ತು ಅಂತ ತೋರಿಸಲು ಹೇಳಿದೆ. ನನ್ನ ಸ್ಟೇಪ್ಲರನ್ನೇ ಲಾರಿ ಮಾಡಿಕೊಂಡರು. ಹಿಂದಕ್ಕೆ ತಳ್ಳುತ್ತಾ ಹಿಂಬದಿಯನ್ನು ಎಡಕ್ಕೆ ತಿರುಗಿಸಿದರು. ಹಿಂಬದಿ ಸರಿಯಾಗಿಯೇ ಹೋಯಿತು. ಆದರೆ ಮೂತಿ ಬಲಕ್ಕೆ ಬೀಸಿ ಪೆನ್ನಿನ ಸ್ಟ್ಯಾಂಡಿಗೆ ಬಡಿಯಿತು. ವ್ಯಾನೂ ಹೀಗೇ ತಿರುಗುತ್ತದೆ. ಉದ್ದ ಕಮ್ಮಿ ಇರೋದರಿಂದ ನಮ್ಮ ಗಮನಕ್ಕೆ ಬರುವುದಿಲ್ಲ ಅಷ್ಟೇ. ಅವರು ಕನ್ನಡಿಯಲ್ಲಿ ಹಿಂಬದಿಯನ್ನೇ ನೋಡುತ್ತಾ ಮೂತಿಯನ್ನು ಮರೆತಿದ್ದರು.

"ಆ ಟೆಸ್ಟಿಗೆ ಮೊದಲು ಎಷ್ಟು ಗಂಟೆ ಲಾರಿ ಓಡಿಸಿದ್ರಿ?"

"ಮೂರು ಗಂಟೆ ಇರಬಹುದು."

ಮೂರು ಗಂಟೆಗೆ ಯಾರ ಕೈಯೂ ಪಳಗುವುದಿಲ್ಲ. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ. ಎರಡು ವರ್ಷದಿಂದ ಅವರು ತಮ್ಮನ್ನು ಕೈಲಾಗದವರು ಅಂದುಕೊಂಡು ಬಂದಿದ್ದರು. ಇದ್ದ ಕೊರತೆ ಅಭ್ಯಾಸದ್ದು ಮಾತ್ರ.

ಆಮೇಲೆ ಒಂದು ಹಾಳೆಯಲ್ಲಿ ಲೆಕ್ಕ ಹಾಕಿದೆವು. ಐದು ದಿನದ ಕೋರ್ಸಿನಲ್ಲಿ ಮೊದಲ ದಿನ ಪಾಠ, ಕೊನೆಯ ದಿನ ಟೆಸ್ಟ್. ಉಳಿದಿದ್ದು 3 ದಿನ, ದಿನಕ್ಕೆ 8 ಗಂಟೆಯಂತೆ 24 ಗಂಟೆ. ಒಂದು ಲಾರಿಗೆ ನಾಲ್ವರು. ತಲೆಗೆ 6 ಗಂಟೆ. ಕಂಪನಿಯಲ್ಲಿ ಇಬ್ಬರಿಗೊಂದು ಲಾರಿ, ವಾರಕ್ಕೆ 5 ದಿನ, ದಿನಕ್ಕೆ 4 ಗಂಟೆ. ಆರು ವಾರಕ್ಕೆ 120 ಗಂಟೆ, ತಲೆಗೆ 60. ಎಷ್ಟು ದಿನದ ಕೋರ್ಸ್ ಅಂತ ಎಲ್ಲರೂ ಕೇಳುತ್ತಾರೆ. ನನ್ನ ಕೈಯಲ್ಲಿ ಸ್ಟೇರಿಂಗ್ ಎಷ್ಟು ಗಂಟೆ ಇರುತ್ತದೆ ಅಂತ ಕೇಳಬೇಕು. ಆಗಲೇ ಲಾರಿ ಓಡಿಸಿ ಪಳಗಿ, ಮೇಲಿನ ದರ್ಜೆಯ ಲೈಸೆನ್ಸ್ ಬೇಕಾದವರಿಗೆ ಚಿಕ್ಕ ಕೋರ್ಸ್ ಸಾಕಾಗಬಹುದು. ಇವರಿಗೆ ಸಾಲದು.

ಆ ಗಂಟೆಗಳಲ್ಲಿ ಏನೇನು ಕಲಿಸುತ್ತಾರೆ ಅನ್ನೋದೂ ಮುಖ್ಯ. ಭಾರಿ ಲಾರಿಗಳಲ್ಲಿ ಗಾಳಿಯ ಒತ್ತಡದಿಂದ ಬ್ರೇಕ್ ಹಿಡಿಯುತ್ತದೆ. ಪೆಡಲ್ ಒತ್ತಿದ ಮೇಲೆ ಗಾಳಿ ಚಕ್ರದವರೆಗೆ ತಲುಪಲು ಒಂಚೂರು ಹೊತ್ತು ಬೇಕು. ಗಂಟೆಗೆ 80 ಕಿಲೋಮೀಟರ್ ಅಂದರೆ ಸೆಕೆಂಡಿಗೆ 22 ಮೀಟರ್. ಅರ್ಧ ಸೆಕೆಂಡ್ ತಡವಾದರೂ ಲಾರಿ 11 ಮೀಟರ್ ಮುಂದೆ ಹೋಗಿರುತ್ತದೆ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಇದನ್ನು ಪುಸ್ತಕದಲ್ಲಿ ಓದಬಹುದು, ಆದರೆ ಕಾಲಿಗೆ ಗೊತ್ತಾಗಬೇಕಲ್ಲ! ಖಾಲಿ ಲಾರಿಯಲ್ಲಷ್ಟೇ ಕಲಿತವರು ಮೊದಲ ಲೋಡಿನ ದಿನ ಗಾಬರಿಯಾಗುತ್ತಾರೆ. ಹಾಗಾಗಿ ಎರಡೂ ಕಡೆ ಮೂರು ವಿಷಯ ಕೇಳಿಕೊಂಡು ಬರಲು ಹೇಳಿದೆ: ಲೋಡ್ ಹಾಕಿ ಓಡಿಸಲು ಕೊಡ್ತೀರಾ, ರಾತ್ರಿ ಓಡಿಸಲು ಕೊಡ್ತೀರಾ, ಲೋಡ್ ಬಿಗಿಯುವುದನ್ನು ಕಲಿಸ್ತೀರಾ. ಗೇರ್ ಬಗ್ಗೆಯೂ ವಿಚಾರಿಸಬೇಕು. ಕೆಲವು ದೇಶಗಳಲ್ಲಿ ಆಟೋಮ್ಯಾಟಿಕ್ ಗಾಡಿಯಲ್ಲಿ ಟೆಸ್ಟ್ ಕೊಟ್ಟರೆ ಅಂಥ ಗಾಡಿಗೆ ಮಾತ್ರ ಲೈಸೆನ್ಸ್ ಸಿಗುತ್ತದೆ.

ಪರಿಚಯದ ಡ್ರೈವರ್ ಒಬ್ಬರು "ನನ್ನ ಜೊತೆ ಬಾ, ದಾರಿಯಲ್ಲೇ ಕಲಿಸ್ತೀನಿ" ಅಂದಿದ್ದರಂತೆ. ಬೇಡ ಅಂದೆ. ಕಲಿಯುವವರ ಲೈಸೆನ್ಸ್ ಇಲ್ಲದೆ ಸ್ಟೇರಿಂಗ್ ಮುಟ್ಟಿ ಅಪಘಾತವಾದರೆ ಎರಡು ಮನೆ ಬೀದಿಗೆ ಬರುತ್ತವೆ. ಮಾಲೀಕರು ಒಪ್ಪಿದರೆ ಪಕ್ಕದ ಸೀಟಿನಲ್ಲಿ ಸುಮ್ನೆ ಕೂತು ಎರಡು ಮೂರು ದಿನ ಹೋಗಿ ಬನ್ನಿ ಅಂದೆ. ಲೋಡ್ ಇಳಿಸಲು ಗಂಟೆಗಟ್ಟಲೆ ಕಾಯುವುದು, ಕ್ಯಾಬಿನ್ನಿನಲ್ಲಿ ಮಲಗುವುದು, ಮಗುವಿನ ಮುಖ ನೋಡದೆ ಇರುವುದು ತಮಗೆ ಆಗುತ್ತದಾ ಅಂತ ಹಣ ಕಟ್ಟುವ ಮೊದಲೇ ತಿಳಿಯಲಿ ಅನ್ನೋದು ನನ್ನ ಉದ್ದೇಶ.

ಬಾಂಡ್ ಅಂದರೆ ಅವರಿಗೆ ಭಯ. ಬಾಂಡೇ ಕೆಟ್ಟದ್ದು ಅಂತ ನಾನು ಹೇಳುವುದಿಲ್ಲ. ಆದರೆ ಓದದೆ ಸಹಿ ಹಾಕಬಾರದು. ಟೆಸ್ಟ್ ಫೇಲಾದರೆ ಎರಡನೇ ಸಲದ ಖರ್ಚು ಯಾರದು? ಒಂದೂವರೆ ವರ್ಷಕ್ಕೆ ಬಿಟ್ಟರೆ ಪೂರ್ತಿ ಹಣ ಕಟ್ಟಬೇಕಾ, ಇಲ್ಲ ದುಡಿದ ತಿಂಗಳು ಕಳೆದು ಉಳಿದದ್ದಾ? ಕಾಯಿಲೆಯಾಗಿ ಬಿಟ್ಟರೆ? ಕಂಪನಿಯವರೇ ಕೆಲಸದಿಂದ ತೆಗೆದರೆ? ಇದರಲ್ಲಿ ಒಂದಕ್ಕೂ ಆ ಕಾಗದದಲ್ಲಿ ಉತ್ತರ ಇರಲಿಲ್ಲ. ಬಾಯಿಮಾತು ಬೇಡ, ಬರೆಸಿಕೊಳ್ಳಿ ಅಂದೆ. ಬಾಂಡಿನ ಒಳ್ಳೆಯ ಮುಖವನ್ನೂ ನೋಡಬೇಕಲ್ಲ. ಲೈಸೆನ್ಸ್ ಇದ್ದರೂ ಅನುಭವ ಇಲ್ಲದವರಿಗೆ ಲಾರಿ ಕೊಡಲು ಮಾಲೀಕರು ಹಿಂದೆಮುಂದೆ ನೋಡುತ್ತಾರೆ. ಬಾಂಡ್ ಇದ್ದಲ್ಲಿ ಆ ಮೊದಲ ಅನುಭವ ಸಿಗುತ್ತದೆ.

ಎಲ್ಲಕ್ಕಿಂತ ಮೊದಲು ವೈದ್ಯಕೀಯ ತಪಾಸಣೆ ಮಾಡಿಸಿ ಅಂದೆ. ಕಣ್ಣು, ರಕ್ತದೊತ್ತಡ, ಸಕ್ಕರೆ. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು. ಹಣ ಕಟ್ಟಿದ ಮೇಲೆ ಇಲ್ಲಿ ತೊಡಕಾದರೆ ತುಂಬಾ ನೋವಾಗುತ್ತದೆ. ಇವರ ರಕ್ತದೊತ್ತಡ ಜಾಸ್ತಿ ಇದೆ ಅಂತ ಗೊತ್ತಾಯಿತು. ಔಷಧ ತೆಗೆದುಕೊಂಡು ಹತೋಟಿಗೆ ಬರಲು ಎರಡು ತಿಂಗಳು ಹಿಡಿಯಿತು.

ಇನ್ನೊಂದು ಕೆಲಸ ಕೊಟ್ಟಿದ್ದೆ, ಅದೇ ಅವರಿಗೆ ಎಲ್ಲಕ್ಕಿಂತ ಕಷ್ಟವಾಗಿದ್ದು. ಹಳೇ ಟೆಸ್ಟಿನ ವಿಷಯ ಹೆಂಡತಿಗೆ ಹೇಳಬೇಕಿತ್ತು. ಒಂದು ವಾರ ಮುಂದೂಡಿ, ಕೊನೆಗೆ ಹೇಳಿದರು. ಆಕೆ ಕೇಳಿದ್ದು ಒಂದೇ ಮಾತು: "ಎರಡು ವರ್ಷ ಒಬ್ಬರೇ ಯಾಕೆ ಇಟ್ಕೊಂಡಿದ್ರಿ?"

ಬಾಂಡಿನಲ್ಲಿ ದುಡಿದ ತಿಂಗಳ ಲೆಕ್ಕದಲ್ಲಿ ಕಟ್ಟಬೇಕಾದ ಹಣ ಇಳಿಯುತ್ತದೆ, ಎರಡನೇ ಟೆಸ್ಟಿನ ಖರ್ಚು ಕಂಪನಿಯದು ಅಂತ ಬರೆಸಿಕೊಂಡು ಸಹಿ ಹಾಕಿದರು. ತರಬೇತಿಯ ನಾಲ್ಕನೇ ವಾರ ಇಬ್ಬರೂ ನನ್ನ ಹತ್ತಿರ ಬಂದಿದ್ದರು. ಮಾತಿನ ನಡುವೆ ಅವರು ಮತ್ತೆ ಸ್ಟೇಪ್ಲರ್ ಎತ್ತಿಕೊಂಡು ರಿವರ್ಸ್ ತೋರಿಸಲು ಶುರು ಮಾಡಿದರು. ಬಡಿದೀತು ಅಂತ ಹೆಂಡತಿ ಪೆನ್ನಿನ ಸ್ಟ್ಯಾಂಡನ್ನು ಪಕ್ಕಕ್ಕೆ ಸರಿಸಿದರು. ಅವರು ಅದನ್ನು ಮೊದಲಿದ್ದ ಜಾಗದಲ್ಲೇ ಇಟ್ಟು, "ಇರಲಿ ಬಿಡು" ಅಂದು, ಮೂತಿಯ ಮೇಲೊಂದು ಕಣ್ಣಿಟ್ಟು ನಿಧಾನಕ್ಕೆ ತಿರುಗಿಸಿದರು.